ಕುದಿಯದ ಬಾಯ್ಲರ್

ಬೆಳಗಿನ ಜಾವ ಐದೂವರೆ. ಲೀಡ್ಸ್‌ನ ಜನವರಿಯಲ್ಲಿ ಅದೂ ನಡುರಾತ್ರಿಯೇ. ಮಗು ಮಗ್ಗುಲಲ್ಲಿ ಹಾಲು ಕುಡಿಯುತ್ತಿದೆ. ಕೆಳಗೆ ಅಡುಗೆಮನೆಯ ಗೋಡೆಗಂಟಿದ ಬಿಳಿ ಪೆಟ್ಟಿಗೆಯಲ್ಲಿ ‘ಟಕ್’ ಎಂದು ಸದ್ದು. ಫ್ಯಾನೊಂದು ಗುಂಯ್‌ಗುಡುತ್ತದೆ, ಚಿಟಿಚಿಟಿ ಕಿಡಿ ಹಾರುತ್ತದೆ, ಭುಸ್ಸೆಂದು ಗ್ಯಾಸ್ ಹೊತ್ತಿಕೊಳ್ಳುತ್ತದೆ. ತುಸು ಹೊತ್ತಿಗೆ ಹಲಗೆ ನೆಲದಡಿಯ ತಾಮ್ರದ ಕೊಳವೆಗಳು ಬಿಸಿಗೆ ಹಿಗ್ಗಿ, ಮುದುಕರು ಮೈಮುರಿದಂತೆ ಲಟಲಟ ಅನ್ನುತ್ತವೆ. ಕಿಟಕಿಯ ಕೆಳಗಿನ ರೇಡಿಯೇಟರ್ ಬೆಚ್ಚಗಾಗತೊಡಗುತ್ತದೆ. ಗಾಜಿನಿಂದಿಳಿಯುವ ಚಳಿಗಾಳಿ ಅದಕ್ಕೆ ತಾಗಿ, ಕಾದು, ಮೇಲೇರುತ್ತದೆ.

ಬಾಣಂತನಕ್ಕೆಂದು ತೀರ್ಥಹಳ್ಳಿಯಿಂದ ಬಂದ ಅಮ್ಮನಿಗೆ ಈ ಪೆಟ್ಟಿಗೆಯ ಮೇಲೆ ಮೊದಲ ದಿನವೇ ಅನುಮಾನ. ಬಚ್ಚಲೊಲೆಗೆ ಅಡಿಕೆಸೋಗೆ ತುರುಕಿ, ಹಂಡೆಯ ನೀರು ಮರಳುವುದನ್ನು ಕಣ್ಣಾರೆ ಕಂಡೇ ತಂಬಿಗೆ ಎತ್ತಿದವಳು ಅವಳು.

“ಇದರಲ್ಲಿ ನೀರು ಎಲ್ಲಿ ತುಂಬಿಡ್ತಾರೆ?”

“ತುಂಬಿಡೋದೇ ಇಲ್ಲಮ್ಮ.”

ನಮ್ಮದು ‘ಕಾಂಬಿ’ ಬಾಯ್ಲರ್. ಇದರೊಳಗೆ ಹರಿಯುವುದು ಎರಡು ನೀರು. ಒಂದು ಮನೆ ಬೆಚ್ಚಗಿಡುವ ನೀರು. ಪಂಪ್ ತಳ್ಳಿದಂತೆ ರೇಡಿಯೇಟರ್‌ಗಳನ್ನು ಸುತ್ತಿ, ಬಿಸಿ ಕೊಟ್ಟು, ಮತ್ತೆ ಕಾಯಲು ಬರುತ್ತದೆ. ವರ್ಷಗಟ್ಟಲೆ ಅದೇ ನೀರಿನ ಪ್ರದಕ್ಷಿಣೆ. ಇನ್ನೊಂದು ಬೀದಿಯ ಕೊಳವೆಯಿಂದ ಬಂದು ಸ್ನಾನಕ್ಕೆ ಹೋಗುವ ನೀರು. ನಡುವೆ ತೆಳ್ಳನೆಯ ಉಕ್ಕಿನ ತಗಡುಗಳು. ಬಿಸಿ ದಾಟುತ್ತದೆ, ನೀರು ಬೆರೆಯುವುದಿಲ್ಲ. ಬಚ್ಚಲ ನಲ್ಲಿ ತಿರುಗಿಸಿದರೆ ಒಳಗಿನ ವಾಲ್ವ್ ಹೊರಳಿ ಬಿಸಿಯೆಲ್ಲ ಇತ್ತ ಹರಿಯುತ್ತದೆ, ರೇಡಿಯೇಟರ್‌ಗಳು ಅಷ್ಟು ಹೊತ್ತು ಸುಮ್ಮನಿರುತ್ತವೆ.

“ಬಾಣಂತಿಗೆ ಮೊದಲು, ಮನೆಗೆ ಆಮೇಲೆ. ಬುದ್ಧಿವಂತ ಇದೆ” ಅಂದಳು ಅಮ್ಮ.

ಮರುವಾರ ನೆಲವೆಲ್ಲ ಹಿಮಗಟ್ಟಿದ ಬೆಳಗ್ಗೆ ಆ ಬುದ್ಧಿವಂತ ಗೊಳಗೊಳ ಎಂದು ಬಾಯಿಮುಕ್ಕಳಿಸಿ, ಒಂದು ಅಂಕಿ ಮಿನುಗಿಸಿ, ಕಣ್ಣುಮುಚ್ಚಿತು. ಅಮ್ಮ ಮಗುವನ್ನು ಎರಡು ಶಾಲಿನಲ್ಲಿ ಸುತ್ತಿ ಎದೆಗವಚಿಕೊಂಡಳು. ಇವರು ಫೋನ್ ಮಾಡಿದಾಗ ಗ್ಯಾಸ್ ಎಂಜಿನಿಯರ್ ಹೇಳಿದ್ದು: ಹಿತ್ತಲ ಗೋಡೆಯ ಪ್ಲಾಸ್ಟಿಕ್ ಕೊಳವೆ ಹೆಪ್ಪುಗಟ್ಟಿರಬೇಕು, ಬೆಚ್ಚನೆಯ ನೀರು ಹೊಯ್ಯಿರಿ, ಕುದಿನೀರು ಬೇಡ.

ಕೆಟಲಿನಲ್ಲಿ ಕಾಯಿಸಿ, ತಣ್ಣೀರು ಬೆರೆಸಿ, ಹೊಯ್ದೆವು. ಪೆಟ್ಟಿಗೆ ಮತ್ತೆ ಭುಸ್ಸೆಂದಿತು.

ಆ ಕೊಳವೆಯಲ್ಲಿ ಇಳಿಯುವುದು ಹೊಗೆಯ ನೀರು. ಗ್ಯಾಸ್ ಉರಿದಾಗ ನೀರಾವಿಯೂ ಹುಟ್ಟುತ್ತದೆ. ಹಳೆಯ ಬಾಯ್ಲರ್‌ಗಳು ಅದನ್ನು ಬಿಸಿಯ ಸಮೇತ ಹೊರಗಟ್ಟುತ್ತಿದ್ದವು. ಈಗಿನವು ಮನೆ ಸುತ್ತಿ ತಣಿದು ಬಂದ ನೀರಿನಿಂದ ಆ ಹೊಗೆಯನ್ನೇ ತಣಿಸುತ್ತವೆ. ಆವಿ ಹನಿಯಾಗುತ್ತ ತನ್ನೊಳಗಿನ ಬಿಸಿಯನ್ನು ಬಿಟ್ಟುಕೊಡುತ್ತದೆ. ಇಂಗ್ಲೆಂಡಿನಲ್ಲಿ ಹೊಸ ಗ್ಯಾಸ್ ಬಾಯ್ಲರ್ ಸಾಮಾನ್ಯವಾಗಿ ಈ ಬಗೆಯದೇ ಆಗಿರಬೇಕೆಂಬ ನಿಯಮ ಬಂದದ್ದು 2005ರ ಏಪ್ರಿಲ್‌ನಲ್ಲಿ. ಹನಿ ತುಸು ಆಮ್ಲ, ಅದಕ್ಕೇ ಪ್ಲಾಸ್ಟಿಕ್ ಕೊಳವೆ.

ನಾನು ಇಷ್ಟು ವಿವರಿಸುವುದರೊಳಗೆ ಅಮ್ಮ, “ನಾವು ಒಲೆ ಮೇಲೆ ಅಟ್ಟ ಕಟ್ಟಿ ಕೊಬ್ಬರಿ ಒಣಗಿಸ್ತಿದ್ವಲ್ಲ, ಹೋಗೋ ಹೊಗೇನೂ ದಂಡ ಆಗಬಾರ್ದು ಅಂತ” ಎಂದು ಮುಗಿಸಿಬಿಟ್ಟಳು.

ಮಧ್ಯಾಹ್ನ ಎಂಜಿನಿಯರ್ ಬಂದ. ಗ್ಯಾಸ್ ಕೆಲಸಕ್ಕೆ ನೋಂದಾಯಿತನೆಂಬ ‘ಗ್ಯಾಸ್ ಸೇಫ್’ ಕಾರ್ಡ್ ತೋರಿಸಿ ಒಳಗೆ ಕಾಲಿಟ್ಟ. ಮೇಲ್ಭಾಗ ತಣ್ಣಗಿದ್ದ ರೇಡಿಯೇಟರ್‌ಗೆ ಪುಟ್ಟ ಕೀಲಿ ಹಾಕಿ ತಿರುಗಿಸಿದ. ಸಿಕ್ಕಿಬಿದ್ದ ಗಾಳಿ ಉಸ್ಸೆಂದು ಹೊರಟು, ಹಿಂದೆಯೇ ಕರ್ರನೆಯ ನೀರು ಅರಿವೆಗೆ ಜಿನುಗಿತು. ಕಬ್ಬಿಣದ ತುಕ್ಕು. ಅಮ್ಮ ಬಗ್ಗಿ ನೋಡಿದಳು: “ನಮ್ಮ ಹಂಡೆಗೆ ಮಸಿ ಹೊರಗೆ, ಇವರದ್ದಕ್ಕೆ ಒಳಗೆ.” ಆತ ನೀರು ಸೇರಿಸಿ ಒತ್ತಡದ ಮುಳ್ಳನ್ನು 1ರಿಂದ 1.5 ಬಾರ್ ನಡುವೆ ನಿಲ್ಲಿಸಿದ. ಆಮೇಲೆ ರೇಡಿಯೇಟರ್‌ಗೆ ಹೋಗುವ ನೀರಿನ ಬಿಸಿಯನ್ನು 80 ಡಿಗ್ರಿಯಿಂದ 60ಕ್ಕೆ ಇಳಿಸಿದ. ಮನೆ ಸುತ್ತಿ ಹಿಂದಿರುಗುವ ನೀರು ಸುಮಾರು 55 ಡಿಗ್ರಿಗಿಂತ ತಣ್ಣಗಿದ್ದರೆ ಮಾತ್ರ ಆವಿ ಹನಿಯಾಗುತ್ತದೆ. ಅತಿಯಾಗಿ ಕಾಯಿಸಿದರೆ ಗಳಿಕೆಯೆಲ್ಲ ಗೋಡೆಯಾಚೆ.

“60 ಅಂದ್ರೆ ಕುದಿಯೋದೇ ಇಲ್ವಲ್ಲೇ. ಮತ್ತೆ ಬಾಯ್ಲರ್ ಅಂತ ಯಾಕೆ ಕರೀತಾರೆ?”

ನನ್ನಲ್ಲಿ ಉತ್ತರವಿರಲಿಲ್ಲ.

ಮರುದಿನ ಮುಂಜಾನೆ ಮತ್ತೆ ಟಕ್, ಗುಂಯ್, ಭುಸ್. ಅಮ್ಮ ರೇಡಿಯೇಟರ್ ಮೇಲೆ ಅಂಗೈ ಊರಿದಳು. ಸುಡಲಿಲ್ಲ. ಮಗುವಿನ ಬಟ್ಟೆಗಳನ್ನು ಅದರ ಮೇಲೆ ಹರವಿ, ಹಿತ್ತಲ ಬಾಗಿಲನ್ನು ಒಂದು ಗೇಣು ತೆರೆದು ಕಿವಿಗೊಟ್ಟಳು. ಮೋರಿಯಲ್ಲಿ ತೊಟ್, ತೊಟ್ ಎಂದು ಹನಿ ಬೀಳುತ್ತಿತ್ತು.

“ಹಿಂಡ್ತಾ ಇದೆ” ಅಂದು ಬಾಗಿಲು ಹಾಕಿಕೊಂಡಳು.