ಅಂತರಸನಹಳ್ಳಿ ಬಿಸಿಲಲ್ಲಿ ಐವತ್ತು ಲೀಟರ್ ಸಮುದ್ರ

ನಮ್ಮ ರೂಮ್ ಇರೋದು ಅಂತರಸನಹಳ್ಳಿಯಲ್ಲಿ, ಇಂಡಸ್ಟ್ರಿಯಲ್ ಏರಿಯಾ ಕಡೆ. ಮೂರನೇ ಮಹಡಿ, ತಲೆ ಮೇಲೆ ಶೀಟು, ಪಶ್ಚಿಮಕ್ಕೆ ಗೋಡೆ. ಸಮುದ್ರ ನೋಡಬೇಕು ಅಂದ್ರೆ ಘಟ್ಟ ಇಳಿಯಬೇಕು. ಇಂಥ ಜಾಗದಲ್ಲಿ ನಾವು ಮೂವರು ಸೇರಿ ಎರಡಡಿಯ ಉಪ್ಪುನೀರಿನ ಅಕ್ವೇರಿಯಂ ಇಟ್ಟಿದ್ದೀವಿ. ನೀರು ಸುಮಾರು 50 ಲೀಟರ್. ಕಳೆದ ವರ್ಷ ಮಾರ್ಚ್‌ವರೆಗೆ ಅದರಲ್ಲಿ ಎರಡು ಕ್ಲೌನ್ ಮೀನು ಇದ್ದವು. ಈಗ ಒಂದಿದೆ.

"ಹವಳ ಇಲ್ವಾ?" ಅಂತ ನೋಡೋಕೆ ಬಂದವರೆಲ್ಲ ಕೇಳ್ತಾರೆ. ಇಲ್ಲ. ಹವಳ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಷೆಡ್ಯೂಲ್‌ನಲ್ಲಿದೆ, ಹುಲಿ ಇರೋ ಪಟ್ಟಿಯಲ್ಲೇ. ಯಾರಾದ್ರೂ ಮಾರ್ತೀನಿ ಅಂದ್ರೂ ತಗೋಬೇಡಿ. ಕ್ಲೌನ್ ಮೀನಿನ ವಿಷಯ ಬೇರೆ. ಅದನ್ನು ಹ್ಯಾಚರಿಯಲ್ಲೇ ಮರಿ ಮಾಡಿಸೋ ವಿಧಾನವನ್ನು ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಅಭಿವೃದ್ಧಿಪಡಿಸಿದೆ. ಹಾಗಾಗಿ ಸಮುದ್ರದಿಂದ ಹಿಡಿದ ಮೀನೇ ಆಗಬೇಕು ಅಂತಿಲ್ಲ.

ಈ ಮೀನಿಗೆ 24ರಿಂದ 28 ಡಿಗ್ರಿ ಹಿತ. ಏಪ್ರಿಲ್‌ನ ಒಂದು ಮಧ್ಯಾಹ್ನ ಕಾಲೇಜಿಂದ ಬಂದು ನೋಡಿದ್ರೆ ಟ್ಯಾಂಕ್ 32 ತೋರಿಸ್ತಿತ್ತು, ರೂಮ್ 36. ಎರಡೂ ಮೀನು ಮೇಲ್ಗಡೆ ಬಂದು ಬಾಯಿ ಬಾಯಿ ಬಿಡ್ತಿದ್ದವು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗೋ ಆಮ್ಲಜನಕ ಕಡಿಮೆ ಆಗುತ್ತೆ, ಅದೇ ಹೊತ್ತಿಗೆ ಮೀನಿನ ಮೈಗೆ ಅದು ಜಾಸ್ತಿ ಬೇಕಾಗುತ್ತೆ. ಸಮುದ್ರಮಟ್ಟದಲ್ಲಿ 30 ಡಿಗ್ರಿಯ ಉಪ್ಪುನೀರು ಲೀಟರಿಗೆ ಹೆಚ್ಚೆಂದರೆ 6.2 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳುತ್ತೆ. ತುಮಕೂರು 800 ಮೀಟರ್‌ಗಿಂತ ಎತ್ತರದಲ್ಲಿದೆ, ಇಲ್ಲಿ ಗಾಳಿಯ ಒತ್ತಡವೇ ಶೇ. 9ರಷ್ಟು ಕಮ್ಮಿ, ಅಷ್ಟೇ ಪ್ರಮಾಣದಲ್ಲಿ ಇದೂ ಕಮ್ಮಿ.

ಇದೆಲ್ಲ ನಮಗೆ ಆಮೇಲೆ ಗೊತ್ತಾಗಿದ್ದು. ಆವತ್ತು ನಾವು ಮಾಡಿದ್ದು ಏನಂದ್ರೆ, ಓಡಿಹೋಗಿ ಜ್ಯೂಸ್ ಅಂಗಡಿಯಿಂದ ಎರಡು ಕೆಜಿ ಐಸ್ ತಂದು ನೇರವಾಗಿ ನೀರಿಗೆ ಸುರಿದಿದ್ದು. ಅರ್ಧ ಗಂಟೆಯಲ್ಲಿ 28ಕ್ಕೆ ಇಳೀತು. ನಾವು ಖುಷಿಯಾಗಿ ಊಟಕ್ಕೆ ಹೋದ್ವಿ. ರಾತ್ರಿ ಹತ್ತಕ್ಕೆ ಮತ್ತೆ 31. ಮಾರನೇ ದಿನವೂ ಅದೇ ಆಟ. ಮೂರನೇ ದಿನ ಬೆಳಿಗ್ಗೆ ಒಂದು ಮೀನು ಸತ್ತಿತ್ತು. ಐಸೇ ಕೊಂದಿದ್ದು ಅಂತ ಪ್ರೂವ್ ಮಾಡೋಕಾಗಲ್ಲ. ಆದ್ರೆ ಅರ್ಧ ಗಂಟೆಗೆ ನಾಲ್ಕು ಡಿಗ್ರಿ ಇಳಿಸಿ, ಜೊತೆಗೆ ಸಿಹಿನೀರು ಸೇರಿಸಿ ಉಪ್ಪಿನಂಶ ಬೇರೆ ತೆಳುಮಾಡಿದ್ರೆ ಯಾವ ಮೀನು ತಡ್ಕೊಳ್ಳುತ್ತೆ?

ಆಮೇಲೆ ನಾವು ಪೇಪರ್ ಪೆನ್ನು ಹಿಡಿದು ಕೂತ್ವಿ, ಮೊದಲೇ ಮಾಡಬೇಕಿದ್ದ ಕೆಲಸ. 50 ಲೀಟರ್ ಉಪ್ಪುನೀರನ್ನು ಒಂದು ಡಿಗ್ರಿ ತಣಿಸೋಕೆ ಹೆಚ್ಚುಕಮ್ಮಿ 200 ಕಿಲೋಜೌಲ್ ಶಾಖ ತೆಗೀಬೇಕು. ಒಂದು ಕೆಜಿ ಐಸ್ ಕರಗಿ ಟ್ಯಾಂಕಿನ ಬಿಸಿಗೆ ಬರೋವಷ್ಟರಲ್ಲಿ 450 ಕಿಲೋಜೌಲ್ ಹೀರುತ್ತೆ, ಅಂದ್ರೆ ಎರಡು ಡಿಗ್ರಿ. ಅದೇ ಒಂದು ಲೀಟರ್ ನೀರು ಆವಿಯಾದ್ರೆ? ಸುಮಾರು 2,400 ಕಿಲೋಜೌಲ್. ಐದು ಪಟ್ಟು! ಫ್ರಿಜ್ ಬೇಡ, ಜ್ಯೂಸ್ ಅಂಗಡಿ ಬೇಡ. ಲೇಟೆಂಟ್ ಹೀಟ್‌ಗೆ ಕನ್ನಡದಲ್ಲಿ ಗುಪ್ತೋಷ್ಣ ಅಂತಾರಂತೆ, ಇಂಗ್ಲಿಷ್ ಮೀಡಿಯಂನವರಾದ ನಮಗೆ ಕ್ಲಬ್ಬಿನ ಸೀನಿಯರ್ ಹೇಳಿಕೊಟ್ಟ ಪದ. ಅಜ್ಜಿ ಮನೆಯ ಮಣ್ಣಿನ ಮಡಕೆ ನೀರು ತಣ್ಣಗಿರೋದೂ ಇದರಿಂದಲೇ.

ನೀರನ್ನು ಆವಿ ಮಾಡೋಕೆ ಒಂದು ಫ್ಯಾನ್ ಸಾಕು. ಹಳೇ ಕಂಪ್ಯೂಟರ್ ಕ್ಯಾಬಿನೆಟ್ಟಿನ 12 ವೋಲ್ಟ್ ಫ್ಯಾನ್ ಕಿತ್ತು, ನೀರಿನ ಮೇಲ್ಮೈಗೆ ಗಾಳಿ ಓರೆಯಾಗಿ ಸವರಿಕೊಂಡು ಹೋಗೋ ಹಾಗೆ ಕೂರಿಸಿದ್ವಿ. ಮೇಲಿದ್ದ ಗಾಜಿನ ಮುಚ್ಚಳ ತೆಗೆದು ಸೊಳ್ಳೆ ಪರದೆ ಬಟ್ಟೆ ಬಿಗಿದ್ವಿ, ಇಲ್ಲಾಂದ್ರೆ ಮೀನು ಹೊರಗೆ ಹಾರುತ್ತೆ. ದಿನಕ್ಕೆ ಒಂದು ಲೀಟರ್ ಆವಿಯಾದ್ರೆ ಅದು 28 ವ್ಯಾಟ್ ಕೂಲಿಂಗ್‌ಗೆ ಸಮ. ಫ್ಯಾನ್ ಎಳೆಯೋದು ಎರಡು ಮೂರು ವ್ಯಾಟ್ ಅಷ್ಟೇ. ಹೋಲಿಸಿ ನೋಡಿ: ನಾವು ಮೊದಲು ಪೆಲ್ಟಿಯರ್ ಪ್ಲೇಟ್ ಹಾಕಿ ಮಿನಿ ಪ್ರಾಜೆಕ್ಟ್ ಕೂಡ ಮಾಡೋಣ ಅಂದ್ಕೊಂಡಿದ್ವಿ. ಅದು ಐವತ್ತು ವ್ಯಾಟ್‌ಗೂ ಹೆಚ್ಚು ತಿಂದು, ಆ ಬಿಸಿಯನ್ನೆಲ್ಲ ಅದೇ ರೂಮಿಗೆ ಉಗುಳ್ತಿತ್ತು. ಮಾರ್ಕ್ಸ್‌ಗೆ ಚೆನ್ನಾಗಿರ್ತಿತ್ತೇನೋ, ಮೀನಿಗಲ್ಲ.

ನಮಗೆ ತುಂಬ ಇಷ್ಟವಾದ ವಿಷಯ ಒಂದಿದೆ. ಗಾಳಿಯಿಂದ ಆವಿ ಮಾಡಿ ನೀರನ್ನು ಎಷ್ಟರ ತನಕ ತಣಿಸಬಹುದು ಅನ್ನೋದಕ್ಕೆ ಒಂದು ಮಿತಿ ಇದೆ, ವೆಟ್ ಬಲ್ಬ್ ಟೆಂಪರೇಚರ್ ಅಂತ. ಅದು ಗಾಳಿಯ ತೇವದ ಮೇಲೆ ನಿಂತಿರುತ್ತೆ. ತುಮಕೂರಿನ ಏಪ್ರಿಲ್ ಮಧ್ಯಾಹ್ನ 36 ಡಿಗ್ರಿ ಬಿಸಿ, ತೇವಾಂಶ ಶೇ. 25 ಅಂತಿಟ್ಟುಕೊಂಡರೆ ಈ ಮಿತಿ 21–22 ಡಿಗ್ರಿ ಬರುತ್ತೆ. ಮಂಗಳೂರಲ್ಲಿ 33 ಡಿಗ್ರಿ, ತೇವಾಂಶ ಶೇ. 70 ಅಂದ್ಕೊಳ್ಳಿ, ಮಿತಿ 28ರ ಮೇಲೇ ನಿಲ್ಲುತ್ತೆ. ಅಂದ್ರೆ ಕಡಲ ಪಕ್ಕದ ಮನೆಯಲ್ಲಿ ಈ ಫ್ಯಾನ್ ಹೆಚ್ಚೇನೂ ಕಿಸಿಯಲ್ಲ, ನಮ್ಮ ಒಣ ಬಯಲುಸೀಮೆ ಗಾಳಿಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತೆ. ಟ್ಯಾಂಕ್ ಪೂರ್ತಿ 22ಕ್ಕೆ ಇಳಿಯೋದಿಲ್ಲ, ಸುತ್ತಲಿಂದ ಬಿಸಿ ಬರ್ತಾನೇ ಇರುತ್ತೆ. ಆದ್ರೆ ನಮ್ಮದು ಈ ಬೇಸಿಗೆಯಲ್ಲಿ 28 ದಾಟಿದ್ದು ಎರಡೇ ಸಲ.

ಒಳಗೆ ಬರೋ ಬಿಸಿಯನ್ನೂ ಕಡಿಮೆ ಮಾಡಿದ್ವಿ. ಪಶ್ಚಿಮದ ಗೋಡೆಯಿಂದ ಟ್ಯಾಂಕನ್ನು ಒಳಗಿನ ಗೋಡೆಗೆ ಸರಿಸಿ ಹಿಂದೆ ಮತ್ತು ಪಕ್ಕಕ್ಕೆ ಥರ್ಮೋಕೋಲ್ ಅಂಟಿಸಿದ್ವಿ. ಲೈಟನ್ನು ಸಂಜೆ ಮೇಲೆ ಹಾಕ್ತೀವಿ. ನೀರೊಳಗಿನ ಪಂಪ್ 10 ವ್ಯಾಟ್ ಎಳೆದ್ರೆ ಆ ಹತ್ತೂ ಕೊನೆಗೆ ನೀರಿನ ಬಿಸಿಯೇ ಆಗುತ್ತೆ, ಹಾಗಾಗಿ ಚಿಕ್ಕ ಪಂಪ್ ಹಾಕಿದ್ವಿ. ಕರೆಂಟ್ ಹೋದ್ರೆ ಹಳೇ ಯುಪಿಎಸ್‌ನ 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿ ಇದೆ. ಅದು ಚೆನ್ನಾಗಿದ್ರೆ ಫ್ಯಾನ್ ಒಂದು ದಿನ ಓಡುತ್ತೆ. ಫ್ಯಾನ್ ತಿರುಗ್ತಾ ಇದ್ರೆ ಮೇಲ್ಮೈಯೂ ಅಲುಗಾಡ್ತಾ ಒಂದಿಷ್ಟು ಆಮ್ಲಜನಕ ಕೂಡ ಸೇರುತ್ತೆ. ಒಂದು ತೊಂದರೆ: ಉಪ್ಪಿನ ಹನಿ ಹಾರಿ ಫ್ಯಾನ್ ತುಕ್ಕು ಹಿಡಿಯುತ್ತೆ. ಮೊದಲನೇದು ಎರಡು ತಿಂಗಳಿಗೇ ಸತ್ತುಹೋಯ್ತು.

ಇನ್ನೊಂದು ಕಡೆ ಎಲ್ಲರೂ ಎಡವೋದು. ನೀರು ಆವಿಯಾಗುತ್ತೆ, ಉಪ್ಪು ಆಗಲ್ಲ. ಲೀಟರಿಗೆ 35 ಗ್ರಾಂ ಉಪ್ಪಿರೋ ಟ್ಯಾಂಕಿನಿಂದ ದಿನಕ್ಕೊಂದು ಲೀಟರ್ ಹೋಗಿ, ಐದು ದಿನ ನೀವು ಏನೂ ಹಾಕದೇ ಬಿಟ್ರೆ ಅದು 39ರ ಹತ್ತಿರ ಬರುತ್ತೆ. ಬಿಸಿಲಿಂದ ಉಳಿಸಿದ ಮೀನನ್ನು ಉಪ್ಪಲ್ಲಿ ಕೊಂದ ಹಾಗೆ. ಅದಕ್ಕೆ ಗಾಜಿನ ಮೇಲೆ ಟೇಪಿನ ಗುರುತು ಹಾಕಿ, ದಿನಾ ಬೆಳಿಗ್ಗೆ ಆ ಗೆರೆ ತನಕ ಆರ್‌ಓ ನೀರು ಹಾಕ್ತೀವಿ. ಕಾಯಿನ್ ಹಾಕಿ ಹಿಡಿಯೋ ಶುದ್ಧ ನೀರಿನ ಘಟಕದ ನೀರೇ. ಬೋರ್‌ವೆಲ್ ನೀರು ಬೇಡ, ಅದರಲ್ಲಿರೋ ಲವಣಗಳೂ ಟ್ಯಾಂಕಲ್ಲೇ ಉಳಿದು ದಿನದಿನಕ್ಕೆ ಜಮಾ ಆಗುತ್ತವೆ.

ಸೆಮ್ ರಜೆಗೆ ಮೂವರೂ ಊರಿಗೆ ಹೊರಟಾಗ ಕೆಳಮನೆ ಆಂಟಿಗೆ ಕೀ ಕೊಟ್ಟು, ಗೆರೆ ತೋರಿಸಿ, ಕ್ಯಾನ್ ತೋರಿಸಿ, ಎಲ್ಲ ವಿವರಿಸಿದ್ವಿ. ಅವರು ಮೀನನ್ನೇ ನೋಡ್ತಾ ನಿಂತಿದ್ದು, "ಸಮುದ್ರದ್ದಲ್ವೇನ್ರಪ್ಪಾ ಇದು, ನೀರಿಗೆ ಒಂದ್ ಚಮಚ ಉಪ್ಪು ಹಾಕ್ಲಾ?" ಅಂದ್ರು. ಕ್ಯಾನಿನ ಮೇಲೆ ದಪ್ಪ ಮಾರ್ಕರಲ್ಲಿ "ಉಪ್ಪು ಬೇಡ ಆಂಟಿ" ಅಂತ ಬರೆದು ಬಸ್ ಹತ್ತಿದ್ವಿ.