ತಂಪು ನೀಡದ ಟ್ರಕ್ಕು: ಒಂದು ರೋಗನಿದಾನ



ವೈದ್ಯರಾದ ನಮ್ಮನ್ನು ಆರೋಗ್ಯದ ಬಗ್ಗೆ ಮಾತನಾಡಲು ಕರೆದಿದ್ದೀರಿ. ನಾವಾದರೋ ಹಳೆಯ ಪಿಕಪ್ ಟ್ರಕ್ಕೊಂದರ ಏರ್ ಕಂಡೀಷನರಿನ ಕಥೆ ಹೇಳಲು ಬಂದಿದ್ದೇವೆ. ನಮ್ಮ ಈ ಫೀನಿಕ್ಸ್ ನಗರದಲ್ಲಿ ಅದೂ ಆರೋಗ್ಯದ ವಿಷಯವೇ. 2023ರ ಬೇಸಿಗೆಯಲ್ಲಿ ಇಲ್ಲಿ ಸತತ 31 ದಿನಗಳ ಕಾಲ ತಾಪಮಾನ 110 ಡಿಗ್ರಿ ಫ್ಯಾರನ್‌ಹೀಟನ್ನು ಮುಟ್ಟಿತು ಅಥವಾ ಮೀರಿತು.

ನಮ್ಮ ಟ್ರಕ್ಕು 1996ರ ಮಾದರಿಯದು. ಕಳೆದ ಬೇಸಿಗೆಯಲ್ಲಿ ಅದರ ತಂಪು ಕುಂದಿದಾಗ ಗ್ಯಾರೇಜೊಂದರಲ್ಲಿ ಎರಡು ಬಾರಿ ಗ್ಯಾಸ್ ತುಂಬಿಸಿದೆವು. ಪ್ರತಿಸಲವೂ ಎರಡು ವಾರ ತಂಪು, ಆಮೇಲೆ ಬಿಸಿಗಾಳಿ. ಒಂದು ಮಧ್ಯಾಹ್ನ, ದಾವಣಗೆರೆಯಿಂದ ಬಂದಿದ್ದ ನಮ್ಮ ವೃದ್ಧ ತಂದೆಯವರು ಪಕ್ಕದಲ್ಲಿ ಕುಳಿತಿದ್ದವರು, "ಯಾಕೋ ತಲೆ ತಿರುಗ್ತಿದೆಯಪ್ಪಾ" ಎಂದರು. ಕೂಡಲೇ ಹತ್ತಿರದ ಅಂಗಡಿಯ ತಂಪಿನಲ್ಲಿ ಕೂರಿಸಿ, ನೀರು ಕುಡಿಸಿ, ಒದ್ದೆ ಬಟ್ಟೆ ಹೊದಿಸಿದೆವು. ಅವರು ಚೇತರಿಸಿಕೊಂಡರು, ನಮಗೆ ಮಾತ್ರ ನಾಚಿಕೆಯಾಯಿತು. ಒಂದೇ ದೂರು ಹೊತ್ತು ಎರಡು ಸಲ ಬಂದ ರೋಗಿಗೆ ಕಾರಣ ಹುಡುಕದೆ ಜ್ವರದ ಮಾತ್ರೆ ಕೊಟ್ಟು ಕಳಿಸಿದಂತಾಗಿತ್ತು ನಮ್ಮ ಕೆಲಸ.

ಮೊದಲು ಈ ಯಂತ್ರದ ಅಂಗರಚನೆಯನ್ನು ತಿಳಿಯೋಣ. ನಮ್ಮೂರಿನ ಮಣ್ಣಿನ ಹೂಜಿಯಲ್ಲಿ ಜಿನುಗಿದ ನೀರು ಆವಿಯಾಗುವಾಗ ಉಷ್ಣವನ್ನು ಹೀರಿಕೊಂಡು ಹೋಗುತ್ತದೆ. ಒಳಗಿನ ನೀರು ತಣ್ಣಗಾಗುತ್ತದೆ. ಟ್ರಕ್ಕಿನಲ್ಲಿಯೂ ಡ್ಯಾಷ್‌ಬೋರ್ಡಿನ ಹಿಂದಿರುವ ಸುರುಳಿಯಲ್ಲಿ ಶೀತಕದ್ರವ ಆವಿಯಾಗಿ ಒಳಗಿನ ಉಷ್ಣವನ್ನು ಹೀರುತ್ತದೆ. ಆ ಆವಿಯನ್ನು ಕಂಪ್ರೆಸರು ಒತ್ತಿ ಮುಂಭಾಗದ ಕಂಡೆನ್ಸರಿಗೆ ದೂಡುತ್ತದೆ. ಅಲ್ಲಿ ಅದು ಉಷ್ಣವನ್ನು ಹೊರಗಾಳಿಗೆ ಬಿಟ್ಟು ಮತ್ತೆ ದ್ರವವಾಗುತ್ತದೆ. ಹೂಜಿಯ ನೀರು ಗಾಳಿಗೆ ಹೋಗಿಬಿಡುತ್ತದೆ. ಇಲ್ಲಿ ಅದೇ ಶೀತಕ ಮುಚ್ಚಿದ ಕೊಳವೆಗಳಲ್ಲಿ ಸುತ್ತುತ್ತಿರುತ್ತದೆ. ಅದು ಪೆಟ್ರೋಲಿನಂತೆ ಉರಿದು ತೀರುವ ವಸ್ತುವಲ್ಲ. ಎರಡೇ ವಾರದಲ್ಲಿ ಕಡಿಮೆಯಾಯಿತೆಂದರೆ ಎಲ್ಲೋ ಸೋರಿಕೆ ಇದೆಯೆಂದೇ ಅರ್ಥ.

ಇನ್ನು ಪರೀಕ್ಷೆಯ ಕ್ರಮ. ಗಾಳಿಯ ವೇಗವೇ ಕಡಿಮೆಯಿದ್ದರೆ ದೋಷ ಫ್ಯಾನಿನಲ್ಲೋ ಗಾಳಿಯ ದಾರಿಯಲ್ಲೋ ಇರಬಹುದು. ಗಾಳಿ ಜೋರಾಗಿದ್ದು ಬಿಸಿಯಾಗಿದ್ದರೆ, ಕಂಪ್ರೆಸರಿಗೆ ಮರಳುವ ಕೊಳವೆಯನ್ನು ಗಮನಿಸಬೇಕು. ಅದು ತಣ್ಣಗಿದ್ದೂ ಒಳಗೆ ಬಿಸಿಗಾಳಿ ಬಂದರೆ, ಹೀಟರಿನ ಬಿಸಿಯನ್ನು ಬೆರೆಸುವ ಒಳಗಿನ ಬಾಗಿಲು ಸಿಕ್ಕಿಕೊಂಡಿರುವ ಸಂಶಯ. ಕಂಪ್ರೆಸರಿನ ಕ್ಲಚ್ ತಿರುಗುತ್ತಲೇ ಇಲ್ಲವಾದರೆ ಫ್ಯೂಸು, ರಿಲೇ, ಒತ್ತಡದ ಸ್ವಿಚ್ಚುಗಳನ್ನು ನೋಡಬೇಕು. ಕೆಲವೇ ಸೆಕೆಂಡುಗಳಿಗೊಮ್ಮೆ ಹಿಡಿದು ಬಿಡುತ್ತಿದ್ದರೆ ಸಾಮಾನ್ಯವಾಗಿ ಶೀತಕ ಕಡಿಮೆಯಾಗಿದೆ.

ನಮಗೆ ಸ್ಟೆತಸ್ಕೋಪಿನಂತೆ ಮೆಕ್ಯಾನಿಕ್ಕಿಗೆ ಜೋಡಿ ಒತ್ತಡಮಾಪಕ. ಎಂಜಿನು ಓಡುವಾಗ ಎರಡೂ ಕಡೆ ಒತ್ತಡ ತೀರಾ ಕಡಿಮೆಯಿದ್ದರೆ ಶೀತಕದ ಕೊರತೆ. ಎರಡೂ ಹೆಚ್ಚಿದ್ದರೆ ಶೀತಕ ಅತಿಯಾಗಿರಬಹುದು, ಇಲ್ಲವೇ ಕಂಡೆನ್ಸರಿಗೆ ಗಾಳಿ ಸಾಲದಿರಬಹುದು. ಕೆಳಗಿನ ಒತ್ತಡ ಹೆಚ್ಚಿ ಮೇಲಿನದು ಕುಸಿದಿದ್ದರೆ ಕಂಪ್ರೆಸರು ಬಳಲಿರುವ ಸಾಧ್ಯತೆ ಹೆಚ್ಚು.

ನಮ್ಮ ಟ್ರಕ್ಕಿನಲ್ಲಿ ಎರಡೂ ಕಡಿಮೆಯಿದ್ದವು. ಶೀತಕದೊಡನೆ ಎಣ್ಣೆಯೂ ಹರಿಯುವುದರಿಂದ, ಸೋರುವ ಕಡೆ ಜಿಡ್ಡು ಕಟ್ಟುತ್ತದೆ. ಬೇರೊಬ್ಬ ಮೆಕ್ಯಾನಿಕ್ಕರು ಬಣ್ಣ ಸೇರಿಸಿ ಅತಿನೇರಳೆ ದೀಪ ಹಿಡಿದಾಗ, ಕೊಳವೆಯ ಜೋಡಣೆಯೊಂದು ಹೊಳೆಯಿತು. ಗಟ್ಟಿಯಾಗಿ ಬಿರಿದ ಒಂದು ಸಣ್ಣ ರಬ್ಬರ್ ಉಂಗುರವೇ ಅಪರಾಧಿ! ಅದನ್ನು ಬದಲಿಸಿ, ನಿರ್ವಾತ ಪಂಪಿನಿಂದ ಗಾಳಿ ಮತ್ತು ತೇವವನ್ನು ಹೊರತೆಗೆದು, ಹುಡ್ಡಿನ ಕೆಳಗಿನ ಚೀಟಿಯಲ್ಲಿದ್ದಷ್ಟೇ ಶೀತಕವನ್ನು ತೂಗಿ ತುಂಬಿದರು.

ಎರಡು ಎಚ್ಚರಿಕೆಗಳು. ಅಮೆರಿಕದಲ್ಲಿ ಹಳೆಯ ಆರ್-12 ಶೀತಕದ ತಯಾರಿಕೆ 1995ರ ಕೊನೆಗೆ ನಿಂತಿತು. ಅದರ ವ್ಯವಸ್ಥೆಗೆ ಆರ್-134ಎ ಅನ್ನು ಸುಮ್ಮನೆ ಬೆರೆಸಬಾರದು. ಶೀತಕವನ್ನು ಬೇಕೆಂದೇ ಗಾಳಿಗೆ ಬಿಡುವುದು ಕಾನೂನಿಗೆ ವಿರುದ್ಧ. ಅದು ಚರ್ಮ, ಕಣ್ಣುಗಳನ್ನು ಹೆಪ್ಪುಗಟ್ಟಿಸಬಲ್ಲದು. ಆದ್ದರಿಂದ ಪರವಾನಗಿ ಪಡೆದ ಮೆಕ್ಯಾನಿಕ್ಕರಿಗೇ ಈ ಕೆಲಸವನ್ನು ಒಪ್ಪಿಸಿರಿ.

ಕೊನೆಯದಾಗಿ ವೈದ್ಯರಾಗಿ ಒಂದು ಮಾತು. ವಯಸ್ಸಾದವರಿಗೆ ಬಾಯಾರಿಕೆಯ ಅರಿವು ಕುಂದಿರುತ್ತದೆ, ಬೆವರೂ ಕಡಿಮೆ. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಅಪಾಯ ಇನ್ನೂ ಹೆಚ್ಚು. ಬಿಸಿಲಿನಲ್ಲಿ ಮಾತು ತೊದಲಿದರೆ, ಮನಸ್ಸು ಗೊಂದಲಗೊಂಡರೆ 911ಕ್ಕೆ ಕರೆಮಾಡಿ, ಕಾಯದೆ ಮೈ ತಂಪಾಗಿಸತೊಡಗಿರಿ. ಟ್ರಕ್ಕು ದುರಸ್ತಿಯಾಗುವವರೆಗೆ ಹಿರಿಯರನ್ನೂ ಮಕ್ಕಳನ್ನೂ ಅದರಲ್ಲಿ ಕೂರಿಸಬೇಡಿರಿ. ಗ್ಯಾರೇಜಿಗೆ ಹೋದಾಗ ತುಂಬಿಸಲು ಎಷ್ಟಾಗುತ್ತದೆಂದು ಕೇಳುವ ಮೊದಲು, ಎಲ್ಲಿ ಸೋರುತ್ತಿದೆಯೆಂದು ಕೇಳಿರಿ. ತೂತು ಮಡಕೆಗೆ ಎಷ್ಟು ನೀರು ಹೊಯ್ದರೇನು?