ಒಡೆಯನ ಧರ್ಮ, ಓಡಿಬಂದವರ ದೇವರು

ಸಿಂದಗಿಯಿಂದ ವಿಜಯಪುರ, ಹುಬ್ಬಳ್ಳಿ, ಧಾರವಾಡ ದಾಟಿ ಪಶ್ಚಿಮಕ್ಕೆ ಹೋದರೆ ಎರೆಹೊಲ ಮುಗಿದು ಸಾಗವಾನಿ ಕಾಡು ಶುರುವಾಗುತ್ತದೆ. ಅದು ಹಳಿಯಾಳ ಸೀಮೆ. ಅಲ್ಲಿಂದ ಯಲ್ಲಾಪುರ, ಮುಂಡಗೋಡದವರೆಗೆ ಕಾಡಂಚಿನಲ್ಲಿ ಆಫ್ರಿಕಾ ಮೂಲದ ಸಿದ್ದಿಗಳ ಕೇರಿಗಳಿವೆ. ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರೂ ಇದ್ದಾರೆ. ಆಫ್ರಿಕಾದಿಂದ ಬಂದವರೆಂದರೆ ನಮ್ಮ ವಿಜಯಪುರ ಜಿಲ್ಲೆಯವರಿಗೆ ನೆನಪಾಗುವುದು ಸುಲ್ತಾನ ಮೊಹಮ್ಮದ್ ಆದಿಲ್‌ಶಾಹನ ಕಾಲದಲ್ಲಿ ದರಬಾರಿನ ಸೂತ್ರ ಹಿಡಿದಿದ್ದ ಇಖ್ಲಾಸ್ ಖಾನ್. ಹಾಗೆ ಮೇಲೇರಿದವರು ಬೆರಳೆಣಿಕೆಯಷ್ಟು ಮಂದಿ. 1510ರಲ್ಲಿ ಪೋರ್ಚುಗೀಸರು ಇದೇ ಆದಿಲ್‌ಶಾಹಿಯಿಂದ ಗೋವಾ ಕಸಿದುಕೊಂಡ ಮೇಲೆ ಮೊಜಾಂಬಿಕ್ ಕಡೆಯಿಂದ ಹಡಗಿನಲ್ಲಿ ತುಂಬಿ ತಂದವರ ಪಾಡು ಬೇರೆ. 1583ರಿಂದ ಐದು ವರ್ಷ ಗೋವಾದಲ್ಲಿದ್ದ ಡಚ್ಚರವ ಲಿನ್‌ಸ್ಕೋಟೆನ್, ಪೇಟೆಯ ದೊಡ್ಡ ಬೀದಿಯಲ್ಲಿ ಇತರ ಸರಕಿನ ಜೊತೆಗೇ ಮನುಷ್ಯರನ್ನೂ ಹರಾಜಿಗಿಡುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಆ ದಾಸ್ಯದಿಂದ ಘಟ್ಟ ಹತ್ತಿ ಓಡಿಬಂದವರ ವಂಶದವರೇ ಇಲ್ಲಿನ ಅನೇಕ ಸಿದ್ದಿಗಳು.

ಕೊಂಡವರೇ ಜ್ಞಾನಸ್ನಾನ ಮಾಡಿಸಿದರು, ಹೆಸರಿಟ್ಟರು. ಹಾಗಿದ್ದ ಮೇಲೆ ಕ್ರೈಸ್ತ ಧರ್ಮ ಇವರಿಗೆ ಆಸರೆಯಾಯಿತೆನ್ನುವುದು ಸಂಕೋಲೆಗೆ ಪೂಜೆ ಮಾಡಿದಂತಲ್ಲವೇ? ಆಕ್ಷೇಪಣೆ ಹಗುರದ್ದಲ್ಲ. 1455ರಲ್ಲಿ ಪೋಪರೇ ಪೋರ್ಚುಗಲ್ ದೊರೆಗೆ ಆಫ್ರಿಕನ್ನರನ್ನು ಶಾಶ್ವತ ದಾಸ್ಯಕ್ಕೆ ತಳ್ಳುವ ಅನುಮತಿ ಕೊಟ್ಟಿದ್ದರು. ಆದರೆ ಕಾಡಿಗೆ ಬಂದ ಮೇಲೆ ಒಡೆಯನೂ ಇರಲಿಲ್ಲ, ನಂಬಿಕೆ ತಪ್ಪಿದವರನ್ನು ವಿಚಾರಿಸುವ ಚರ್ಚಿನ ಇನ್ಕ್ವಿಸಿಷನ್ನಿನ ಕಣ್ಣೂ ಇರಲಿಲ್ಲ. ಸುತ್ತ ಇದ್ದವರು ಹವ್ಯಕರು, ಮರಾಠರು, ಗೌಳಿಗಳು. ಶಿಲುಬೆ ಬಿಟ್ಟಿದ್ದರೆ ಕೇಳುವವರಿರಲಿಲ್ಲ. ಬಿಟ್ಟಿದ್ದರೆ ಅನುಕೂಲವೂ ಇದ್ದೀತು. ಆದರೂ ಒಂದು ಪಾಲು ಜನ ಬಿಡಲಿಲ್ಲ. ಹಿಂದೂ, ಮುಸ್ಲಿಂ ಸಿದ್ದಿಗಳಲ್ಲಿ ಕೆಲವರ ಪೂರ್ವಜರು ಬೇರೆ ಒಡೆಯರ ಮನೆಯಿಂದ ಬಂದಿರಬಹುದು, ಅದನ್ನು ಒಪ್ಪಬೇಕು. ಹಾಗಿದ್ದರೂ ಬೇರೆ ದಾರಿ ಕಣ್ಣೆದುರೇ ಇತ್ತು ಎಂಬ ಮಾತು ಸುಳ್ಳಾಗುವುದಿಲ್ಲ. ಬಲವಂತ ಕಳಚಿದ ಮೇಲೂ ಉಳಿದದ್ದನ್ನು ಬಲವಂತದ್ದೆಂದು ಕರೆಯಲಾಗದು.

ಬರೀ ರೂಢಿಯಿಂದ ಉಳಿಯಿತು ಎನ್ನುವವರಿದ್ದಾರೆ. ಅಮೆರಿಕದ ಗುಲಾಮರಿಗಾದರೆ ಮೋಶೆಯ ಕಥೆಯಿತ್ತು. ಅದಕ್ಕೆ ಹೆದರಿಯೇ 1807ರಲ್ಲಿ ಲಂಡನ್ನಿನಲ್ಲಿ ವೆಸ್ಟ್ ಇಂಡೀಸ್‌ನ ಗುಲಾಮರಿಗೆಂದು ಅಚ್ಚಾದ ಬೈಬಲ್ಲಿನಲ್ಲಿ ಈಜಿಪ್ಟಿನಿಂದ ಬಿಡುಗಡೆಯ ಭಾಗವನ್ನು ಕತ್ತರಿಸಿದ್ದರು. ಗೋವಾದ ಪೂಜೆ ಲ್ಯಾಟಿನ್ನಿನಲ್ಲಿ; ಗ್ರಂಥ ಓದಿ ಧೈರ್ಯ ತಂದುಕೊಳ್ಳುವ ಅವಕಾಶ ಇಲ್ಲಿನವರಿಗೆ ಇರಲಿಲ್ಲ. ಇವರ ಆಸರೆ ಇನ್ನೊಂದು ಬಗೆಯದು. ಹರಾಜಾದವನಿಗೆ ತಾಯಿತಂದೆ, ಕುಲ, ಊರು ಎಲ್ಲವೂ ಒಂದೇ ಏಟಿಗೆ ಹೋಗುತ್ತವೆ. ಜುಜೆ, ಬಸ್ತ್ಯಾಂವ ಎಂಬ ಹೆಸರುಗಳು, ಹಬ್ಬದ ದಿನಗಳು, ಮದುವೆ ಮಣ್ಣಿಗೆ ಕೂಡುವ ಒಂದು ಜಾಗ, ಇವು ಹರಿದುಹೋದ ಬಳಗವನ್ನು ಮತ್ತೆ ಕೂಡಿಸಿದವು. ಹಾಗೆಂದು ಇದೊಂದನ್ನೇ ನೆಚ್ಚಿದವರೂ ಅಲ್ಲ: ಹಿರಿಯರ ಪೂಜೆ ಉಳಿಯಿತು, ದಮ್ಮಾಮು ಎಂಬ ಡೋಲಿನ ಬಡಿತ ನಿಲ್ಲಲಿಲ್ಲ. ಹೆಣ್ಣುಮಕ್ಕಳು ಹಳೆ ಬಟ್ಟೆಯ ತುಂಡು ಕೂಡಿಸಿ ಹೊಲಿಯುವ ಕೌದಿ (ನಮ್ಮ ಕಡೆಯವರಿಗೆ ಹೊಸತೇನಲ್ಲ) ಕ್ರೈಸ್ತರ ಮನೆಯಲ್ಲಿ ಶಿಲುಬೆಯ ತೇಪೆ ಹೊತ್ತಿರುತ್ತದೆ. ಪಾದ್ರಿ ಹೇಳಿ ಹೊಲಿಸಿದ್ದಲ್ಲ ಅದು.

ನಂಬಿಕೆ ಹೊಟ್ಟೆ ತುಂಬಿಸಲಿಲ್ಲ ಎಂಬ ಮಾತಿಗೆ ಮಾತ್ರ ಎದುರಾಡಲಾಗದು. 1843ರ ಕಾಯ್ದೆ ಬ್ರಿಟಿಷರ ಆಳ್ವಿಕೆಯ ಸೀಮೆಯಲ್ಲಿ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ತೆಗೆದರೂ, ಪರರ ಗದ್ದೆ ತೋಟಗಳಲ್ಲಿ ಸಾಲ ತೀರಿಸುತ್ತ ದುಡಿಯುವುದು ಸಿದ್ದಿಗಳಿಗೆ ತಪ್ಪಲಿಲ್ಲ. ಮುಂಡಗೋಡದಲ್ಲಿ ಜೆಸ್ವಿಟರ ಲೊಯೊಲಾ ವಿಕಾಸ ಕೇಂದ್ರ ಸಿದ್ದಿಗಳ ಸಂಘಟನೆಗೆ ಕೈಹಾಕಿತು. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಆ ಪಟ್ಟಿ ಧರ್ಮ ಕೇಳುವುದಿಲ್ಲ; ಚರ್ಚಿಗೆ ಹೋಗುವ ಸಿದ್ದಿಗೂ ಪ್ರಮಾಣಪತ್ರ ಸಿಗುತ್ತದೆ. ಪರಿಶಿಷ್ಟ ಜಾತಿಯ 1950ರ ಆದೇಶ ಕೇಳುತ್ತದೆ. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಅದರ ಬಾಗಿಲು ತೆರೆಯಿತು. ಆದರೆ ಸಿಂದಗಿಯ ದಲಿತನೊಬ್ಬ ಕ್ರಿಸ್ತನನ್ನು ನಂಬಿದರೆ ಆ ಪ್ರಮಾಣಪತ್ರಕ್ಕೆ ಇಂದಿಗೂ ಹಕ್ಕುದಾರನಲ್ಲ, ಅವನ ಅಜ್ಜ ಜೀತಕ್ಕಿದ್ದವನೇ ಆಗಿದ್ದರೂ.